ಒಬ್ಬರೇ ಕೂತು ಓದುವ ಮಕ್ಕಳು

ಪ್ರತಿ ವರ್ಷ ಮೊದಲ ಇಂಟರ್ನಲ್ಸ್ (ಕಾಲೇಜೇ ನಡೆಸುವ ಪರೀಕ್ಷೆ) ಮುಗಿದ ಮೇಲೆ ನಮ್ಮ ಮೆಡಿಕಲ್ ಕಾಲೇಜಿನ ವಿಭಾಗಕ್ಕೆ ಒಂದು ಸುತ್ತೋಲೆ ಬರುತ್ತದೆ. ಅರ್ಧಕ್ಕಿಂತ ಕಡಿಮೆ ಅಂಕ ಬಂದವರ ಪಟ್ಟಿ ಮಾಡಿ, ಅವರಿಗೆ ಸಂಜೆ ವಿಶೇಷ ತರಗತಿ ತೆಗೆದುಕೊಳ್ಳಿ, ಹಾಜರಾತಿ ಹಾಕಿ, ಫೋಟೋ ತೆಗೆದು ಫೈಲಿಗೆ ಸೇರಿಸಿ ಅಂತ. ಪಟ್ಟಿಯ ತಲೆಬರಹ 'ಸ್ಲೋ ಲರ್ನರ್ಸ್'. ನಾನು ಎಂಬಿಬಿಎಸ್ ಮೊದಲ ವರ್ಷದವರಿಗೆ ಫಿಸಿಯಾಲಜಿ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಅನ್ನುವ ಪಾಠ ಮಾಡುತ್ತೇನೆ, ಹಾಗಾಗಿ ಪಟ್ಟಿ ಮಾಡುವ ಕೆಲಸ ನನಗೇ ಬರುತ್ತದೆ. ಹೆಸರುಗಳು ಪ್ರತಿ ವರ್ಷ ಹೊಸವು. ಊರುಗಳು ಹೆಚ್ಚುಕಡಿಮೆ ಅವೇ. ದೇವದುರ್ಗ, ಶಹಾಪುರ, ಹನೂರು, ಪಾವಗಡ, ಮೊಳಕಾಲ್ಮೂರು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ದಲಿತ ಕೇರಿಯಿಂದ, ಲಂಬಾಣಿ ತಾಂಡಾದಿಂದ, ನಾಯಕರ ಹಟ್ಟಿಯಿಂದ ಬಂದವರು. ಉರ್ದು ಶಾಲೆಯಲ್ಲಿ ಓದಿ ಬಂದ ಒಬ್ಬಿಬ್ಬರು ಹೆಣ್ಣುಮಕ್ಕಳು. ಮನೆಯಲ್ಲಿ ಇವರಿಗಿಂತ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು ಇಲ್ಲ.

ಈ ಮಕ್ಕಳು ದಡ್ಡರಲ್ಲ. ಇವರಲ್ಲಿ ಎಷ್ಟೋ ಜನ ತಮ್ಮ ಶಾಲೆಗೇ ಮೊದಲು ಬಂದವರು. ಪಿಯುಸಿಗೆ ಬಂದು ಒಮ್ಮೆಲೇ ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಗಿ, ಎರಡೇ ವರ್ಷದಲ್ಲಿ ಆ ಭಾಷೆಯಲ್ಲೇ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಕಲಿತು ನೀಟ್ ದಾಟಿ ಬಂದವರು. ಕೋಚಿಂಗಿಗೆ ಲಕ್ಷಗಟ್ಟಲೆ ಸುರಿದವರ ಜೊತೆ ಅದೇ ಪ್ರಶ್ನೆಪತ್ರಿಕೆ ಬರೆದು ಬಂದವರು. ಅಂಥವರು ಮೂರೇ ತಿಂಗಳಲ್ಲಿ ಈ ಪಟ್ಟಿಗೆ ಹೇಗೆ ಬಂದುಬಿಡುತ್ತಾರೆ? ಸ್ಟಾಫ್ ರೂಮಿನಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿರುತ್ತದೆ. "ಬೇಸಿಕ್ಸ್ ಇಲ್ಲ ಕಣ್ರೀ." "ಇಂಗ್ಲಿಷ್ ಬರಲ್ಲ." "ಸೀಟು ಸಿಕ್ತಲ್ಲ, ಇನ್ನು ಸಾಕು ಅಂತ ಕೂತುಬಿಡ್ತಾರೆ." ಇಂಗ್ಲಿಷಿನ ಮಾತಲ್ಲಿ ಸ್ವಲ್ಪ ನಿಜ ಇದೆ. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಸೀಟಿನ ಜೊತೆ ಬರುವ ಅಕ್ಷರಗಳು

ಸೀಟು ಹಂಚಿಕೆಯ ಪಟ್ಟಿ ನೋಡಿದವರಿಗೆ ಆ ಅಕ್ಷರಗಳು ಗೊತ್ತು. ಜಿಎಂ, ಎಸ್‌ಸಿಜಿ, ಎಸ್‌ಸಿಕೆ, 2ಎಆರ್. ಜಿಎಂ ಅಂದರೆ ಸಾಮಾನ್ಯ, ಉಳಿದವುಗಳಲ್ಲಿ ಮೊದಲ ಭಾಗ ಮೀಸಲಾತಿಯ ವರ್ಗ. ಕೊನೆಯಲ್ಲಿ ಕೆ ಇದ್ದರೆ ಕನ್ನಡ ಮಾಧ್ಯಮ, ಆರ್ ಇದ್ದರೆ ಗ್ರಾಮೀಣ. ಸರ್ಕಾರಿ ಸೀಟುಗಳಲ್ಲಿ ಕನ್ನಡ ಮಾಧ್ಯಮಕ್ಕೆ ಶೇಕಡಾ 5, ಗ್ರಾಮೀಣರಿಗೆ ಶೇಕಡಾ 15 ಒಳಮೀಸಲು. ಸಂವಿಧಾನಕ್ಕೆ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಪ್ರತ್ಯೇಕ ಪಾಲಿದೆ. ಮೈಸೂರು ಸಂಸ್ಥಾನದಲ್ಲಿ ಹಿಂದುಳಿದವರಿಗೆ ಸರ್ಕಾರಿ ಕೆಲಸಗಳಲ್ಲಿ ಪಾಲು ಕೊಡುವ ಬಗ್ಗೆ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾದಾಗಿನಿಂದ ಈ ನಾಡು ಇದರ ಬಗ್ಗೆ ಯೋಚಿಸುತ್ತಲೇ ಬಂದಿದೆ. ಬಾಗಿಲು ತೆರೆಯುವ ಕೆಲಸವನ್ನು ನಮ್ಮವರು ಬೇರೆ ಎಷ್ಟೋ ಕಡೆಗಿಂತ ಬೇಗ, ಗಟ್ಟಿಯಾಗಿ ಮಾಡಿದ್ದಾರೆ. ಅದರ ಬಗ್ಗೆ ನನಗೆ ಹೆಮ್ಮೆಯಿದೆ.

ಆದರೆ ಬಾಗಿಲ ಒಳಗೆ ಬಂದ ಮೊದಲ ವಾರವೇ ಹಾಸ್ಟೆಲಿನಲ್ಲಿ ಒಂದು ಪ್ರಶ್ನೆ ಓಡಾಡುತ್ತದೆ. "ನಿನ್ನ ರ್‍ಯಾಂಕ್ ಎಷ್ಟು?" ಕೇಳುವವರಿಗೆ ಬೇಕಾಗಿರುವುದು ರ್‍ಯಾಂಕ್ ಅಲ್ಲ ಅನ್ನುವುದು ಕೇಳಿಸಿಕೊಂಡವರಿಗೂ ಗೊತ್ತು. ಆ ವಾರದಲ್ಲೇ ಯಾರು ಯಾರ ರೂಮಿಗೆ ಹೋಗುತ್ತಾರೆ, ಮೆಸ್ಸಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಎಲ್ಲ ತೀರ್ಮಾನವಾಗಿಬಿಡುತ್ತದೆ. ಯಾರೂ ಹೇಳಿ ಮಾಡಿಸುವುದಲ್ಲ, ಆಗಿಹೋಗುತ್ತದೆ. ದೆಹಲಿಯ ಏಮ್ಸ್‌ನ ವಿಷಯವಾಗಿ ಪ್ರೊ. ಸುಖದೇವ್ ಥೋರಟ್ ಅವರ ಸಮಿತಿ 2007ರಲ್ಲಿ ಕೊಟ್ಟ ವರದಿ ಓದಿದರೆ ಇದೇ ಚಿತ್ರ ಇನ್ನೂ ಕಠೋರವಾಗಿ ಕಾಣುತ್ತದೆ. ಪರಿಶಿಷ್ಟ ಜಾತಿ, ಪಂಗಡದ ಹುಡುಗರು ಹಾಸ್ಟೆಲಿನ ಕೆಲವೇ ಮಹಡಿಗಳಲ್ಲಿ ಒಟ್ಟಾಗಿ ಉಳಿದದ್ದು, ಪ್ರಾಕ್ಟಿಕಲ್, ವೈವಾ ಅನ್ನುವ ಬಾಯಿಮಾತಿನ ಪರೀಕ್ಷೆಗಳಲ್ಲಿ ತಮ್ಮನ್ನು ಬೇರೆ ರೀತಿ ನೋಡುತ್ತಾರೆ ಅಂತ ಅವರು ಹೇಳಿದ್ದು ಎಲ್ಲ ಅದರಲ್ಲಿದೆ. ಬಂದು ಇಷ್ಟು ವರ್ಷವಾದರೂ ಆ ವರದಿಯನ್ನು ಓದಿರುವ ವೈದ್ಯ ಅಧ್ಯಾಪಕರು ನನಗೆ ಸಿಕ್ಕಿದ್ದು ಬಹಳ ಕಡಿಮೆ.

ಹಳೇ ಪ್ರಶ್ನೆಪತ್ರಿಕೆ

ನನ್ನನ್ನು ಯೋಚನೆಗೆ ಹಚ್ಚಿದ್ದು ರಾಯಚೂರು ಕಡೆಯ ಒಬ್ಬ ಹುಡುಗಿ. ಇಂಟರ್ನಲ್ಸ್‌ನಲ್ಲಿ ಬಹಳ ಕಡಿಮೆ ಅಂಕ ಬಂದಿತ್ತು. ವಿಶೇಷ ತರಗತಿಗೆ ತಪ್ಪದೆ ಬರುತ್ತಿದ್ದಳು. ಕೊನೆಯ ಬೆಂಚು, ತಲೆ ಬಗ್ಗಿಸಿ ಬರೆದುಕೊಳ್ಳುವುದು, ಮುಗಿದ ಕೂಡಲೇ ಎದ್ದು ಹೋಗುವುದು. ಒಂದು ಸಂಜೆ ನಿಲ್ಲಿಸಿ, "ದಿನಾ ಎಷ್ಟು ಹೊತ್ತು ಓದ್ತೀಯಮ್ಮ?" ಅಂತ ಕೇಳಿದೆ. "ಆರು ತಾಸು ಓದ್ತೀನ್ರಿ ಮೇಡಂ," ಅಂದಳು. ಸುಳ್ಳಲ್ಲ. ಪುಸ್ತಕ ತೋರಿಸಿದಳು. ಮೊದಲ ಪುಟದಿಂದ ಪ್ರತಿ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಸಣ್ಣಗೆ ಕನ್ನಡ ಅರ್ಥ. ಅಂಥ ಓದು ನಾನು ಕಂಡಿಲ್ಲ. ಆದರೆ ಇಂಟರ್ನಲ್ಸ್ ಹೊತ್ತಿಗೆ ಅವಳು ತಲುಪಿದ್ದು ಮೂರನೇ ಅಧ್ಯಾಯವನ್ನು. ಪರೀಕ್ಷೆಗೆ ಇದ್ದದ್ದು ರಕ್ತ, ನರ, ಸ್ನಾಯು ಮೂರೂ.

"ಹಳೇ ಪ್ರಶ್ನೆಪತ್ರಿಕೆ ನೋಡಿಲ್ವಾ? ಯಾವುದು ಮುಖ್ಯ ಅಂತ ಗೊತ್ತಾಗುತ್ತಲ್ಲ?" ಅಂದೆ. ಅವಳು ನನ್ನನ್ನು ಸ್ವಲ್ಪ ಗಾಬರಿಯಿಂದ ನೋಡಿದಳು. ಹಾಗೆ ನೋಡಿ ಓದುವುದು ಕಾಪಿ ಹೊಡೆದ ಹಾಗೆ ಅಲ್ಲವಾ ಅಂತ ಅವಳ ಅನುಮಾನ. ಡಾಕ್ಟರ್ ಆಗಬೇಕಾದವರು ಪುಸ್ತಕ ಪೂರ್ತಿ ಓದಬೇಕು ಅಂತ ಅವಳ ಹೈಸ್ಕೂಲಿನ ಮೇಷ್ಟ್ರು ಹೇಳಿದ್ದರಂತೆ. ಆ ಮೇಷ್ಟ್ರು ಹೇಳಿದ್ದು ಸರಿಯೇ. ಆದರೆ ಅದೇ ಹಾಸ್ಟೆಲಿನ ಮೇಲಿನ ಮಹಡಿಯಲ್ಲಿ ಹತ್ತು ವರ್ಷದ ವಿಶ್ವವಿದ್ಯಾಲಯದ ಪ್ರಶ್ನೆಗಳು ಅಧ್ಯಾಯವಾರು ಜೋಡಿಸಿದ ಪಿಡಿಎಫ್ ಓಡಾಡುತ್ತಿತ್ತು. ಸೀನಿಯರ್‌ಗಳ ನೋಟ್ಸ್ ಇತ್ತು. ವೈವಾದಲ್ಲಿ ಯಾವ ಎಕ್ಸಾಮಿನರ್ ಏನು ಕೇಳುತ್ತಾರೆ ಅನ್ನುವ ಲೆಕ್ಕವೂ ಇತ್ತು. ರಾತ್ರಿ ಊಟ ಆದ ಮೇಲೆ ನಾಲ್ಕೈದು ಜನ ಒಂದು ರೂಮಿನಲ್ಲಿ ಸೇರಿ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಆ ಹುಡುಗಿಯರೂ ಒಳ್ಳೆಯವರೇ. ಕೇಳಿದ್ದರೆ ಕೊಡುತ್ತಿದ್ದರು. ಕೇಳಬಹುದು ಅಂತಲೇ ಇವಳಿಗೆ ಗೊತ್ತಿರಲಿಲ್ಲ. ಅಂಥದ್ದೊಂದು ಇದೆ ಅಂತಲೂ ಗೊತ್ತಿರಲಿಲ್ಲ.

ಬೋನ್ ಸೆಟ್ಟಿನ ಕತೆಯೂ ಹೀಗೇ. ಅನಾಟಮಿಗೆ ಮನುಷ್ಯನ ಮೂಳೆಗಳ ಒಂದು ಸೆಟ್ ಬೇಕು. ಹೊಸದು ಕೊಳ್ಳುವುದು ಎಲ್ಲರಿಗೂ ಆಗದ ಮಾತು. ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಅರ್ಧ ಬೆಲೆಗೆ, ಎಷ್ಟೋ ಸಲ ಪುಕ್ಕಟೆಯಾಗಿ ಕೈ ಬದಲಾಗುತ್ತದೆ. ಪರಿಚಯ ಇದ್ದವರಿಗೆ. ಒಂದೇ ಕೋಚಿಂಗಿನಿಂದ ಬಂದವರಿಗೆ, ಒಂದೇ ಊರಿನವರಿಗೆ, ಅಣ್ಣನೋ ಅಕ್ಕನೋ ಮೊದಲೇ ಮೆಡಿಕಲ್‌ನಲ್ಲಿ ಇದ್ದವರಿಗೆ. ಉಳಿದವರು ಡಿಸೆಕ್ಷನ್ ಹಾಲಿನಲ್ಲಿ ಸಿಕ್ಕ ಹೊತ್ತಿನಲ್ಲಿ ಮುಟ್ಟಿ ನೋಡಬೇಕು. ಅಲ್ಲೂ ಮೇಜಿನ ಹತ್ತಿರ ನಿಲ್ಲುವವರು ಯಾರು, ಹಿಂದೆ ನಿಂತು ಭುಜಗಳ ನಡುವಿನಿಂದ ಇಣುಕುವವರು ಯಾರು ಅಂತ ನೋಡಿದರೆ ಸುಮ್ನೆ ಗೊತ್ತಾಗುತ್ತದೆ.

ಈ ಹುಡುಗಿ ಮನೆಗೂ ಏನೂ ಹೇಳಿರಲಿಲ್ಲ. ಸೀಟು ಸಿಕ್ಕಾಗ ಊರಿನ ಬಸ್ ನಿಲ್ದಾಣದ ಹತ್ತಿರ ಅವಳ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿದ್ದರು. ಸಂಘದವರು ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ಅಪ್ಪ ವಾರಕ್ಕೊಮ್ಮೆ ಫೋನ್ ಮಾಡಿ "ಹೆಂಗ ನಡದೈತವ್ವ ಓದು?" ಅಂತ ಕೇಳಿದರೆ "ಚೊಲೊ ನಡದೈತಪ್ಪ" ಅನ್ನುವುದು ಬಿಟ್ಟು ಬೇರೆ ಏನು ಹೇಳಬೇಕು? ಮನೆಯವರ ಪ್ರೀತಿ, ಊರಿನ ಅಭಿಮಾನ ಎಲ್ಲ ಬೆಟ್ಟದಷ್ಟಿದೆ. ಬಯೋಕೆಮಿಸ್ಟ್ರಿಯಲ್ಲಿ ಕಷ್ಟ ಆಗುತ್ತಿದೆ ಅಂತ ಹೇಳಿಕೊಳ್ಳಲು ಮಾತ್ರ ಜಾಗವಿಲ್ಲ.

ಬರ್ಕ್ಲಿಯಲ್ಲಿ ಒಬ್ಬರು ನೋಡಿದ್ದು

ಈ ಗೊಂದಲದಲ್ಲಿ ಓದುತ್ತಿದ್ದಾಗ ನನಗೆ ಸಿಕ್ಕಿದ್ದು ಊರಿ ಟ್ರೈಸ್ಮನ್ ಅನ್ನುವ ಅಮೆರಿಕದ ಗಣಿತ ಅಧ್ಯಾಪಕರ ಕೆಲಸ. 1970ರ ದಶಕದಲ್ಲಿ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿ. ಅಲ್ಲಿ ಮೊದಲ ವರ್ಷದ ಕ್ಯಾಲ್ಕುಲಸ್ ಅನ್ನುವ ಗಣಿತದಲ್ಲಿ ಕಪ್ಪು ವಿದ್ಯಾರ್ಥಿಗಳು ಸಾಲಾಗಿ ಫೇಲಾಗುತ್ತಿದ್ದರು. ಕ್ಯಾಲ್ಕುಲಸ್ ದಾಟದಿದ್ದರೆ ಎಂಜಿನಿಯರಿಂಗ್ ಇಲ್ಲ, ವಿಜ್ಞಾನವೂ ಇಲ್ಲ. ಯಾಕೆ ಹೀಗೆ ಅಂತ ಅಧ್ಯಾಪಕರನ್ನು ಕೇಳಿದಾಗ ಬಂದ ಉತ್ತರಗಳು ನಮ್ಮ ಸ್ಟಾಫ್ ರೂಮಿನವೇ. ಆಸಕ್ತಿ ಇಲ್ಲ, ಬೇಸಿಕ್ಸ್ ಇಲ್ಲ, ಮನೆಯಲ್ಲಿ ಓದಿನ ವಾತಾವರಣ ಇಲ್ಲ. ಟ್ರೈಸ್ಮನ್ ಆ ಮಾತನ್ನು ನಂಬಿ ಸುಮ್ಮನಾಗಲಿಲ್ಲ. 20 ಕಪ್ಪು ವಿದ್ಯಾರ್ಥಿಗಳು, 20 ಚೀನೀ ಮೂಲದ ವಿದ್ಯಾರ್ಥಿಗಳನ್ನು ಆರಿಸಿಕೊಂಡು ಅವರು ಹೇಗೆ ಓದುತ್ತಾರೆ ಅಂತ ಅವರ ಜೊತೆಯಲ್ಲೇ ಇದ್ದು ನೋಡಿದರು. ಅಧ್ಯಾಪಕರ ಒಂದೊಂದು ಕಾರಣವೂ ಬಿದ್ದುಹೋಯಿತು. ಆಸಕ್ತಿ ಬೇಕಾದಷ್ಟಿತ್ತು. ಅಪ್ಪ ಅಮ್ಮಂದಿರು ಮಕ್ಕಳ ಓದಿಗೆ ಜೀವ ಕೊಡುವವರಾಗಿದ್ದರು. ವ್ಯತ್ಯಾಸ ಇದ್ದದ್ದು ಒಂದು ಕಡೆ. ಚೀನೀ ಮೂಲದ ಮಕ್ಕಳು ಮೊದಲು ಒಬ್ಬೊಬ್ಬರೇ ಲೆಕ್ಕ ಮಾಡಿ, ಆಮೇಲೆ ಒಟ್ಟಿಗೆ ಕೂತು ಉತ್ತರ ತಾಳೆ ನೋಡುತ್ತಿದ್ದರು, ಜಗಳ ಆಡುತ್ತಿದ್ದರು, ಜೊತೆಗೇ ಊಟ ಮಾಡುತ್ತಿದ್ದರು. ಕಪ್ಪು ವಿದ್ಯಾರ್ಥಿಗಳಲ್ಲಿ ಬಹುತೇಕರು ಒಬ್ಬರೇ ಓದುತ್ತಿದ್ದರು. ಶಾಲೆಯಲ್ಲಿ ಅವರನ್ನು ಮೇಲೆ ತಂದದ್ದು ಆ ಒಂಟಿ ಶಿಸ್ತೇ. ಸುತ್ತಲಿನವರು ಆಟದಲ್ಲಿದ್ದಾಗ ಬಾಗಿಲು ಹಾಕಿಕೊಂಡು ಓದಿದ್ದಕ್ಕೇ ಅವರು ಬರ್ಕ್ಲಿ ಮುಟ್ಟಿದ್ದು. ಅಲ್ಲಿಗೆ ಬಂದ ಮೇಲೆ ಅದೇ ಅಭ್ಯಾಸ ಅವರಿಗೆ ಮುಳುವಾಯಿತು.

ಇದನ್ನು ಓದಿದಾಗ ಪೆನ್ಸಿಲಿನಲ್ಲಿ ಅರ್ಥ ಬರೆದ ಆ ಪುಸ್ತಕ ಕಣ್ಣಮುಂದೆ ಬಂತು. ಅವಳೂ ಹಾಗೇ ಅಲ್ವಾ? ಮನೆಯಲ್ಲಿ ಒಂದೇ ಕೋಣೆ, ಅದರಲ್ಲಿ ಎಲ್ಲರೂ. ನಸುಕಿನಲ್ಲಿ ಎದ್ದು ಒಬ್ಬಳೇ ಓದಿದ್ದಕ್ಕೇ ಅವಳು ಇಲ್ಲಿಗೆ ಬಂದಳು.

ಟ್ರೈಸ್ಮನ್ ಮುಂದೆ ಮಾಡಿದ್ದು ನನಗೆ ಇನ್ನೂ ಮುಖ್ಯ. ಅವರು ಹಿಂದುಳಿದವರಿಗೆ ಅಂತ ಸುಲಭದ ತರಗತಿ ತೆರೆಯಲಿಲ್ಲ. ಒಳ್ಳೆಯ ವಿದ್ಯಾರ್ಥಿಗಳಿಗಾಗಿ ವಿಶೇಷ ಕಾರ್ಯಾಗಾರ ಇದು ಅಂತ ಕರೆದರು. ಮಾಮೂಲಿಗಿಂತ ಕಷ್ಟದ ಲೆಕ್ಕ ಕೊಟ್ಟು ಗುಂಪಾಗಿ ಮಾಡಲು ಬಿಟ್ಟರು. ಫೇಲಾಗುತ್ತಾರೆ ಅಂದುಕೊಂಡಿದ್ದ ಮಕ್ಕಳು ತರಗತಿಯ ಮುಂಚೂಣಿಗೆ ಬಂದರು. ಆಮೇಲೆ 1988ರಲ್ಲಿ ಬಾಲ್ಟಿಮೋರ್ ಹತ್ತಿರದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಫ್ರೀಮನ್ ಹ್ರಬೋಸ್ಕಿ ಅವರು ಕಪ್ಪು ವಿದ್ಯಾರ್ಥಿಗಳನ್ನು ವಿಜ್ಞಾನಿಗಳನ್ನಾಗಿ ಬೆಳೆಸಲು ಮೇಯರ್‌ಹಾಫ್ ಕಾರ್ಯಕ್ರಮ ಶುರು ಮಾಡಿದಾಗಲೂ ಗುಂಪಿನಲ್ಲಿ ಓದುವುದೇ ಅದರ ನಡುಗಂಬ. ಮೊದಲ ತಂಡದಲ್ಲಿ 19 ಕಪ್ಪು ಹುಡುಗರು. ಕೋವಿಡ್ ಕಾಲದಲ್ಲಿ ಮಾಡರ್ನಾ ಲಸಿಕೆಯ ಹಿಂದೆ ಇದ್ದ ವಿಜ್ಞಾನಿಗಳಲ್ಲಿ ಒಬ್ಬರಾದ ಕಿಜ್‌ಮೆಕಿಯಾ ಕಾರ್ಬೆಟ್ ಅದೇ ಕಾರ್ಯಕ್ರಮದಿಂದ ಬಂದವರು. ಅವರ ದೇಶದ ಬಣ್ಣದ ಕತೆ ಬೇರೆ, ನಮ್ಮ ಜಾತಿಯ ಕತೆ ಬೇರೆ. ಎರಡನ್ನೂ ಒಂದೇ ಅನ್ನಲು ನಾನು ಹೊರಟಿಲ್ಲ. ಆದರೆ ಹಾಸ್ಟೆಲ್ ರೂಮಿನಲ್ಲಿ ಒಬ್ಬರೇ ಕೂತು ಓದುವ ಮಗುವಿನ ಸಂಕಟ ಎರಡೂ ಕಡೆ ಒಂದೇ ಥರ ಇದೆ.

ಎಣ್ಣಿ ಹೊಡೆದು ಬಂದ ಕಾಕಾ

ನಾನೂ ನನ್ನ ಸಹೋದ್ಯೋಗಿಯೊಬ್ಬರೂ ಸಂಜೆಯ ತರಗತಿಯನ್ನು ಬದಲಾಯಿಸಿದೆವು. ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕುವುದು ನಿಲ್ಲಿಸಿದೆವು. ಯಾರು ಬೇಕಾದರೂ ಬರಬಹುದು ಅಂದೆವು. ಪಟ್ಟಿಯಲ್ಲಿದ್ದವರನ್ನು ಮಾತ್ರ ಒಬ್ಬೊಬ್ಬರನ್ನಾಗಿ ಕರೆದು, ನೀನು ಬರಲೇಬೇಕು ಅಂತ ಹೇಳಿದೆವು. ಪಾಠ ಮತ್ತೆ ಹೇಳುವ ಬದಲು ಒಂದು ಕೇಸ್ ಕೊಟ್ಟು, ನಾಲ್ಕೈದು ಜನರ ಗುಂಪು ಮಾಡಿ ಬಿಟ್ಟುಬಿಡುವುದು. ಯಾವ ಗುಂಪಿನಲ್ಲಿ ಯಾರು ಅಂತ ನಾವೇ ಬೆರೆಸಿ ಹಾಕುತ್ತಿದ್ದೆವು. ಕನ್ನಡ, ಇಂಗ್ಲಿಷ್, ಉರ್ದು ಯಾವುದರಲ್ಲಿ ಬೇಕಾದರೂ ಮಾತಾಡಿ, ಬೋರ್ಡಿನ ಮೇಲೆ ಬರೆಯುವಾಗ ಇಂಗ್ಲಿಷಿನಲ್ಲಿ ಬರೆಯಿರಿ. ಇಷ್ಟೇ ನಿಯಮ.

ನರ ಮತ್ತು ಸ್ನಾಯು ಸೇರುವ ಜಾಗದ ಪಾಠ ಆದ ವಾರ ಕೊಟ್ಟ ಕೇಸ್ ಇದು. ಹೊಲದಲ್ಲಿ ಔಷಧಿ ಹೊಡೆಯುತ್ತಿದ್ದ 40ರ ವಯಸ್ಸಿನ ರೈತನನ್ನು ಕರೆತಂದಿದ್ದಾರೆ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ನಾಡಿ ನಿಧಾನ, ಮಾಂಸಖಂಡ ಅದುರುತ್ತಿದೆ. ಯಾಕೆ? ವಾರ್ಡಿನಲ್ಲಿ ಇದಕ್ಕೆ ಓಪಿ ಪಾಯ್ಸನಿಂಗ್ ಅನ್ನುತ್ತಾರೆ, ಆರ್ಗನೋಫಾಸ್ಫೇಟ್ ಕೀಟನಾಶಕದ ವಿಷ. ಮೊದಲ ವರ್ಷದವರು ಇನ್ನೂ ವಾರ್ಡಿನಲ್ಲಿ ಕೆಲಸ ಕಲಿತಿಲ್ಲ. ಎಲ್ಲರೂ ಪುಸ್ತಕ ತಿರುವಿ ಹಾಕುತ್ತಿದ್ದರು. ಆಗ ಆ ರಾಯಚೂರಿನ ಹುಡುಗಿ ಮೆಲ್ಲಗೆ, "ನಮ್ಮ ಕಾಕಾಗ ಹಿಂಗ ಆಗಿತ್ರಿ," ಅಂದಳು. "ಹತ್ತಿಗೆ ಎಣ್ಣಿ ಹೊಡದು ಬಂದಿದ್ದ. ಬಾಯಾಗಿಂದ ನೊರಿ ಬರಾಕತ್ತಿತ್ತು. ಕಣ್ಣಾಗಿನ ಬೊಂಬಿ ಸಾಸಿವಿ ಕಾಳಿನಷ್ಟ ಆಗಿತ್ತು." ಎಣ್ಣಿ ಅಂದರೆ ಅವರ ಕಡೆ ಬೆಳೆಗೆ ಹೊಡೆಯುವ ಕೀಟನಾಶಕ. ಕೇಸಿನಲ್ಲಿ ನಾನು ಕಣ್ಣಿನ ವಿಷಯ ಬರೆದೇ ಇರಲಿಲ್ಲ.

ಬೆಂಗಳೂರಿನ ಹುಡುಗನೊಬ್ಬ ತಟ್ಟನೆ ಕೇಳಿದ, "ಪ್ಯೂಪಿಲ್ ಸಣ್ಣ ಆಗಿತ್ತಾ? ಹಾಗಾದ್ರೆ ಪ್ಯಾರಾಸಿಂಪಥೆಟಿಕ್ ಅಲ್ವಾ?" ಪ್ಯಾರಾಸಿಂಪಥೆಟಿಕ್ ಅಂದರೆ ಪಾಪೆಯನ್ನು ಕಿರಿದಾಗಿಸುವ, ನಾಡಿಯನ್ನು ನಿಧಾನ ಮಾಡುವ ನರಗಳ ವ್ಯವಸ್ಥೆ. ಅಲ್ಲಿಂದ ಗುಂಪು ಓಡತೊಡಗಿತು. ನರದ ತುದಿಯಲ್ಲಿ ಬಿಡುಗಡೆಯಾಗಿ ಸಂದೇಶ ಮುಟ್ಟಿಸುವ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕವನ್ನು ಒಡೆದುಹಾಕುವ ಕಿಣ್ವವನ್ನು ಈ ವಿಷ ಕಟ್ಟಿಹಾಕುತ್ತದೆ. ಅದು ಒಡೆಯದೆ ಅಲ್ಲೇ ಉಳಿದಿದ್ದಕ್ಕೆ ಜೊಲ್ಲು, ಅದಕ್ಕೇ ಬೆವರು, ಅದಕ್ಕೇ ಸಣ್ಣಗಾದ ಪಾಪೆ, ನಿಧಾನವಾದ ನಾಡಿ. ಆಮೇಲೆ ನಾನು ಕಷ್ಟದ ಪ್ರಶ್ನೆ ಇಟ್ಟೆ. ಇದಕ್ಕೆ ಕೊಡುವ ಔಷಧಿ ಅಟ್ರೋಪಿನ್. ಅದನ್ನು ಕೊಟ್ಟರೆ ಜೊಲ್ಲು ನಿಲ್ಲುತ್ತದೆ, ನಾಡಿ ಏರುತ್ತದೆ. ಆದರೂ ಕೆಲವರಿಗೆ ವೆಂಟಿಲೇಟರ್ ಯಾಕೆ ಬೇಕಾಗುತ್ತದೆ? ಬಹಳ ಹೊತ್ತು ಗದ್ದಲ ನಡೆಯಿತು. ಅಸಿಟೈಲ್‌ಕೋಲಿನ್ ಬಂದು ಅಂಟುವ ರಿಸೆಪ್ಟರ್‌ಗಳಲ್ಲಿ ಎರಡು ಬಗೆ, ಅಟ್ರೋಪಿನ್ ತಡೆಯುವುದು ಮಸ್ಕರಿನಿಕ್ ಬಗೆಯನ್ನು ಮಾತ್ರ, ಉಸಿರಾಟದ ಸ್ನಾಯುಗಳಲ್ಲಿರುವುದು ನಿಕೋಟಿನಿಕ್, ಅವು ಸೋತುಹೋದರೆ ಅಟ್ರೋಪಿನ್‌ನಿಂದ ಏನೂ ಆಗದು ಅನ್ನುವ ಜಾಗಕ್ಕೆ ಅವರೇ ಬಂದರು. ಇವಳ ಕಾಕಾನನ್ನು ಜಿಲ್ಲಾಸ್ಪತ್ರೆಯಿಂದ ದೊಡ್ಡಾಸ್ಪತ್ರೆಗೆ ಯಾಕೆ ಕಳಿಸಿದರು ಅನ್ನುವುದು ಇವಳಿಗೆ ಅವತ್ತು ಅರ್ಥವಾಯಿತು. ಅವರು ಬದುಕಿ ಬಂದಿದ್ದಾರೆ, ಈಗಲೂ ಹತ್ತಿ ಬೆಳೆಯುತ್ತಾರೆ.

ಆ ಗುಂಪು ಆಮೇಲೆ ಒಡೆಯಲಿಲ್ಲ. ಆ ಬೆಂಗಳೂರಿನ ಹುಡುಗನ ಪಿಡಿಎಫ್ ಇವಳ ಫೋನಿಗೆ ಬಂತು. ಬೇರೆ ಹುಡುಗಿಯೊಬ್ಬಳು ತನ್ನ ಬೋನ್ ಸೆಟ್ಟಿನಿಂದ ಮೂಳೆಗಳನ್ನು ವಾರಕ್ಕೊಂದರಂತೆ ಕೊಡತೊಡಗಿದಳು. ನಾನು ಹೇಳಿದ್ದಲ್ಲ. ಅವರೇ ಮಾಡಿಕೊಂಡದ್ದು. ವರ್ಷದ ಪರೀಕ್ಷೆಯಲ್ಲಿ ಇವಳು ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಮೂರೂ ವಿಷಯ ಒಂದೇ ಸಲಕ್ಕೆ ಪಾಸಾದಳು. ಎಲ್ಲರಿಗೂ ಹೀಗೇ ಆಗಲಿಲ್ಲ ಅನ್ನುವುದನ್ನೂ ಹೇಳಬೇಕು. ಅದೇ ಬ್ಯಾಚಿನ ಒಬ್ಬ ಹುಡುಗ ಸಂಜೆಗಳಿಗೆ ಬರುವುದನ್ನೇ ನಿಲ್ಲಿಸಿದ. ಸ್ಕಾಲರ್‌ಶಿಪ್ ಹಣ ಬಂದಿರಲಿಲ್ಲ, ಆ ಹೊತ್ತಿನಲ್ಲಿ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕೆ ನಿಂತಿದ್ದ. ಗುಂಪಿನಲ್ಲಿ ಕೂತು ಓದಲು ಮೊದಲು ಸಂಜೆ ತನ್ನದಾಗಿರಬೇಕು. ಸ್ಕಾಲರ್‌ಶಿಪ್ ಮಂಜೂರಾಗುವುದಕ್ಕೂ ಖಾತೆಗೆ ಬೀಳುವುದಕ್ಕೂ ನಡುವಿನ ತಿಂಗಳುಗಳಲ್ಲಿ ಮೆಸ್ ಬಿಲ್ ಯಾರು ಕಟ್ಟಬೇಕು ಅನ್ನುವುದನ್ನು ಕಾಲೇಜುಗಳು ಇನ್ನೂ ಹುಡುಗರ ತಲೆಗೇ ಬಿಟ್ಟಿವೆ. ಒಂದು ಸಣ್ಣ ಕೈಸಾಲದ ನಿಧಿ ಇದ್ದರೆ ಸಾಕು, ಹಣ ಬಂದಾಗ ವಾಪಸ್ ಕಟ್ಟುತ್ತಾರೆ. ಈ ಮಕ್ಕಳು ಸಾಲ ಉಳಿಸಿಕೊಳ್ಳುವವರಲ್ಲ.

ಸೀಟು ಕೊಟ್ಟ ಮೇಲೂ ಯಾಕೆ

ಸೀಟಿಗೇ ಮೀಸಲಾತಿ ಇರುವಾಗ ಒಳಗೆ ಬಂದ ಮೇಲೂ ಯಾಕೆ ಇಷ್ಟೆಲ್ಲ ಅಂತ ಕೇಳುವವರಿದ್ದಾರೆ. ಎಂಬಿಬಿಎಸ್ ಪರೀಕ್ಷೆಯಲ್ಲಿ ಪಾಸಾಗುವ ಅಂಕ ಎಲ್ಲರಿಗೂ ಒಂದೇ. ಮೊದಲ ವರ್ಷವನ್ನು ನಾಲ್ಕು ಪ್ರಯತ್ನದೊಳಗೆ ದಾಟದಿದ್ದರೆ ಕೋರ್ಸೇ ಇಲ್ಲ ಅನ್ನುವ ನಿಯಮವೂ ಎಲ್ಲರಿಗೂ ಒಂದೇ. ಅದು ಹಾಗೇ ಇರಬೇಕು, ಕೊನೆಗೆ ಅವರ ಕೈಯಲ್ಲಿ ರೋಗಿಯ ಜೀವ ಇರುತ್ತದೆ. ಆದ್ದರಿಂದಲೇ ಆ ಗೆರೆ ಮುಟ್ಟಲು ಬೇಕಾದ ಮಾಹಿತಿ, ಪುಸ್ತಕ, ಮಾತಿಗೆ ಸಿಗುವ ಜನ ಎಲ್ಲರಿಗೂ ಸಿಗಬೇಕು. 2019ರಲ್ಲಿ ಪಠ್ಯಕ್ರಮ ಬದಲಾದಾಗ ಮೊದಲ ವರ್ಷದ ಆರಂಭದಲ್ಲಿ ಫೌಂಡೇಷನ್ ಕೋರ್ಸ್ ಸೇರಿಸಿದರು. ಅದರಲ್ಲಿ ಭಾಷೆಗೂ ಜಾಗ ಇದೆ. ಒಳ್ಳೆಯ ಯೋಚನೆ. ಆದರೆ ಭಾಷೆಯ ತೊಡಕು ಬರುವುದು ಮೊದಲ ಇಂಟರ್ನಲ್ಸ್ ಹತ್ತಿರ ಬಂದಾಗ, ಅಷ್ಟರಲ್ಲಿ ಆ ಕೋರ್ಸ್ ಮುಗಿದಿರುತ್ತದೆ.

ಇನ್ನೊಂದು ಮಾತು. ಇವರು ಡಾಕ್ಟರಾದರೆ ಅವರ ಮನೆಗೆ ಒಳ್ಳೆಯದು ಅಂತ ಮಾತ್ರ ಯೋಚಿಸುತ್ತೇವೆ. ಅವರ ಜನರಿಗೂ ಇವರು ಬೇಕು. ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಹಾಡಿಗಳಲ್ಲಿ ಸಿಕಲ್ ಸೆಲ್ ಅನ್ನುವ, ವಂಶದಿಂದ ಬರುವ ರಕ್ತದ ಕಾಯಿಲೆ ಇದೆ. 2023ರಲ್ಲಿ ಕೇಂದ್ರ ಸರ್ಕಾರ ಇದನ್ನು 2047ರೊಳಗೆ ಇಲ್ಲವಾಗಿಸುವ ಯೋಜನೆ ಶುರು ಮಾಡಿದೆ. ರಕ್ತಪರೀಕ್ಷೆಗೆ ತಂಡಗಳು ಹೋಗುತ್ತವೆ. ನಿನ್ನಲ್ಲಿ ಈ ಕಾಯಿಲೆಯ ಒಂದು ವಂಶವಾಹಿ ಇದೆ, ಮದುವೆಗೆ ಮೊದಲು ಹುಡುಗಿಯ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು ಅಂತ ಸೋಲಿಗರ ಹುಡುಗನಿಗೆ ಹೇಳುವುದು ಸುಲಭವಲ್ಲ. ಅದನ್ನು ಅವನ ಮಾತಿನಲ್ಲಿ, ಅವನ ಪೋಡಿನಲ್ಲಿ, ಅಂದರೆ ಅವನ ಹಾಡಿಯಲ್ಲೇ ಕೂತು ಹೇಳಬಲ್ಲ ಡಾಕ್ಟರು ಬೇಕು. ಆ ಕಾಯಿಲೆಯ ಮೇಲೆ ಸಂಶೋಧನೆ ಮಾಡುವವರಲ್ಲೂ ಆ ಹಾಡಿಯಿಂದ ಬಂದವರು ಇರಬೇಕು.

ಸಂಶೋಧನೆಯ ದಾರಿಯಂತೂ ಈ ಮಕ್ಕಳಿಗೆ ಪೂರ್ತಿ ಕತ್ತಲೆ. ಎಂಬಿಬಿಎಸ್ ಓದುವಾಗಲೇ ಎರಡು ತಿಂಗಳ ಸಣ್ಣ ಸಂಶೋಧನೆಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹಣ ಕೊಡುತ್ತದೆ. ಬಿಎಸ್ಸಿಯವರಿಗೆ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಇದೆ. ದೊಡ್ಡ ಪ್ರಯೋಗಾಲಯದಲ್ಲಿ ಎರಡು ತಿಂಗಳು ಕೆಲಸ ಮಾಡಬಹುದು. ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜುಗಳಲ್ಲಿ ಇದನ್ನು ಕೇಳಿಯೇ ಇರದ ಮಕ್ಕಳು ತುಂಬಾ ಜನ. ಕೇಳಿದ್ದರೂ ಶಿಫಾರಸು ಪತ್ರ ಕೇಳಲು ಮೇಷ್ಟ್ರ ಬಳಿ ಹೋಗಲು ಸಂಕೋಚ.

ಎಂಬಿಬಿಎಸ್ ಮುಗಿಸಿದ ಮೇಲೆ ಪಿಜಿಯಲ್ಲಿ ಇದೆಲ್ಲ ಮತ್ತೆ ಮೊದಲಿಂದ ಶುರುವಾಗುತ್ತದೆ, ಅಲ್ಲಿ ಸೀನಿಯರ್ ಕೈಯಲ್ಲಿ ಎಲ್ಲವೂ ಇರುತ್ತದೆ. 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಪಿಜಿ ಓದುತ್ತಿದ್ದ ಆದಿವಾಸಿ ಹೆಣ್ಣುಮಗಳು ಡಾ. ಪಾಯಲ್ ತಡವಿ ಜೀವ ಬಿಟ್ಟರು. ಜಾತಿ ಹಿಡಿದು ಕಾಡಿದರು ಅಂತ ಮನೆಯವರು ದೂರು ಕೊಟ್ಟರು. ಅವರ ತಾಯಿ ಆಬೆದಾ ಅವರು, 2016ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಜೀವ ಬಿಟ್ಟ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಅವರ ತಾಯಿ ರಾಧಿಕಾ ಅವರ ಜೊತೆ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. ಕಾಲೇಜುಗಳಲ್ಲಿ ದೂರು ಕೇಳುವ ವ್ಯವಸ್ಥೆ ನಿಜವಾಗಿ ಕೆಲಸ ಮಾಡಬೇಕು ಅಂತ ಆ ಇಬ್ಬರು ತಾಯಂದಿರು ಕೇಳುತ್ತಿದ್ದಾರೆ. ಪ್ರತಿ ಮೆಡಿಕಲ್ ಕಾಲೇಜಿನ ಗೋಡೆಯ ಮೇಲೆ ಸಮಿತಿಯ ಹೆಸರು, ಫೋನ್ ನಂಬರ್ ಇರುತ್ತದೆ. ಆ ನಂಬರಿಗೆ ಫೋನ್ ಮಾಡುವಷ್ಟು ನಂಬಿಕೆ ಯಾರಿಗಾದರೂ ಇದೆಯಾ ಅಂತ ಕಾಲೇಜಿನವರು ಕೇಳಿಕೊಳ್ಳಬೇಕು.

ಈ ವರ್ಷ ನಾವು ಬಯೋಕೆಮಿಸ್ಟ್ರಿಯವರನ್ನೂ ಸಂಜೆಯ ಗುಂಪುಗಳಿಗೆ ಸೇರಿಸಿಕೊಳ್ಳುತ್ತಿದ್ದೇವೆ. ಬೋನ್ ಸೆಟ್‌ಗಳನ್ನು ಲೈಬ್ರರಿಯಿಂದಲೇ ಎರವಲು ಕೊಡಬೇಕು ಅಂತ ಬರೆದುಕೊಟ್ಟಿದ್ದೇವೆ, ಒಪ್ಪಿಗೆ ಬಂದಿದೆ. ಹಳೇ ಪ್ರಶ್ನೆಪತ್ರಿಕೆಗಳ ಕಟ್ಟನ್ನು ಮೊದಲ ದಿನವೇ ಎಲ್ಲರಿಗೂ ಕೊಡುತ್ತೇವೆ. ಇದನ್ನು ಓದುತ್ತಿರುವವರಲ್ಲಿ ಹಳ್ಳಿಯಿಂದ ಬಂದು ಡಾಕ್ಟರೋ ವಿಜ್ಞಾನಿಯೋ ಆದವರು ಇದ್ದರೆ ಒಂದು ವಿನಂತಿ. ನಿಮ್ಮ ತಾಲ್ಲೂಕಿನಿಂದ ಈ ವರ್ಷ ಯಾರಿಗೆ ಸೀಟು ಸಿಕ್ಕಿದೆ ಅಂತ ವಿಚಾರಿಸಿ. ಫ್ಲೆಕ್ಸ್ ಇದ್ದೇ ಇರುತ್ತದೆ, ಹುಡುಕುವುದು ಕಷ್ಟವಲ್ಲ. ಮೊದಲ ಇಂಟರ್ನಲ್ಸ್‌ಗೆ ಮುಂಚೆ ಒಂದು ಸಲ ಫೋನ್ ಮಾಡಿ, ಯಾರ ಜೊತೆ ಕೂತು ಓದುತ್ತಿದ್ದೀಯ ಅಂತ ಕೇಳಿ.